ಪಿತ್ತಕೋಶದ ಕಲ್ಲು, ಲಿವರಿನ ಪಾಡು

ಹೊನ್ನವಳ್ಳಿ, ತಿಪಟೂರು ಸೀಮೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿ 'ಕಲ್ಲಿದೆ' ಅಂದರೆ ಸಾಕು, ಎಳನೀರು ಕೆಡವಲು ಆಳು ಮರ ಹತ್ತಿರುತ್ತಾನೆ. ಕಲ್ಲು ಎಲ್ಲಿದೆ ಅನ್ನುವ ವಿಚಾರಣೆ ಆಮೇಲೆ.

ನಂಬಿಕೆ: ಎಳನೀರು, ಬಾಳೆದಿಂಡಿನ ರಸಕ್ಕೆ ಕಲ್ಲು ಕರಗುತ್ತದೆ.
ಸತ್ಯ: ಅದು ಕಿಡ್ನಿ ಕಲ್ಲಿಗೆ ಹೇಳುವ ಮಾತು. ಕುಡಿದ ನೀರು ಮೂತ್ರವಾಗಿ ಹೋಗುತ್ತದೆ. ಪಿತ್ತಕೋಶದೊಳಗಿನ ಕಲ್ಲನ್ನು ತೊಳೆದೊಯ್ಯುವುದಿಲ್ಲ.

ನಂಬಿಕೆ: ಎಣ್ಣೆ, ನಿಂಬೆರಸ ಕುಡಿದರೆ ಹಸಿರು ಕಲ್ಲುಗಳು ಮಲದಲ್ಲಿ ಬೀಳುತ್ತವೆ.
ಸತ್ಯ: ಉಂಡೆಗಳು ಬೀಳುವುದು ನಿಜ, ಆದರೆ ಅವು ಕಲ್ಲಲ್ಲ. ನ್ಯೂಜಿಲೆಂಡಿನ ವೈದ್ಯರು ಇಂಥವನ್ನೇ ಪರೀಕ್ಷಿಸಿ 2005ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬರೆದರು: 40 ಡಿಗ್ರಿ ಬಿಸಿಗೆ ಹತ್ತೇ ನಿಮಿಷದಲ್ಲಿ ಕರಗಿ ಹಸಿರು ಎಣ್ಣೆಯಾದವು, ಪಿತ್ತದ ಕಲ್ಲಲ್ಲಿ ಸಾಮಾನ್ಯವಾಗಿರುವ ಕೊಲೆಸ್ಟೆರಾಲ್ ಇರಲೇ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿತ್ತು.

ನಂಬಿಕೆ: ಕಲ್ಲಿರುವುದು ಪಿತ್ತಕೋಶದಲ್ಲಿ, ಲಿವರಿಗೇನೂ ಆಗದು.
ಸತ್ಯ: ಪಿತ್ತಕೋಶ ಲಿವರಿನ ತಳಕ್ಕೆ ಅಂಟಿಕೊಂಡೇ ಇದೆ. ಪಿತ್ತಕೋಶ ತೆಗೆಯುವ ಆಪರೇಷನ್ ವೇಳೆ ಲಿವರಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವರಲ್ಲಿ ಸಣ್ಣ ಪಿತ್ತನಾಳಗಳ ಸುತ್ತ ಲಘು ಉರಿಯೂತ, ಕೆಲವರಲ್ಲಿ ಕೊಬ್ಬು ಕಾಣುತ್ತದೆ. ರಕ್ತಪರೀಕ್ಷೆ ಸರಿಯಿದ್ದವರಲ್ಲೂ ಇದುಂಟು. ಆ ಕೊಬ್ಬಿನ ತಪ್ಪನ್ನು ಕಲ್ಲಿನ ಮೇಲೆ ಹೊರಿಸುವಂತಿಲ್ಲ. ಬೊಜ್ಜು, ಸಕ್ಕರೆಕಾಯಿಲೆ ಇದ್ದವರಿಗೆ ಎರಡೂ ಹೆಚ್ಚು. ನಿಜವಾದ ಪೆಟ್ಟು ಬೀಳುವುದು ಕಲ್ಲು ಜಾರಿ ಮುಖ್ಯ ಪಿತ್ತನಾಳಕ್ಕೆ ಅಡ್ಡ ಕೂತಾಗ. ಹರಿಯಬೇಕಾದ ಪಿತ್ತ ಲಿವರಿನೊಳಗೇ ಮಡುಗಟ್ಟುತ್ತದೆ. ನಾಳಗಳ ಸುತ್ತ ಊತ ಬಂದು ಹೊಸ ಸಣ್ಣ ನಾಳಗಳು ಮೂಡುತ್ತವೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಲಿವರ್ ನಾರುಗಟ್ಟುತ್ತದೆ, ಕೊನೆಗೆ ಸಿರೋಸಿಸ್. ಬೇಗ ಅಡ್ಡಿ ತೆಗೆದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ.

ನಂಬಿಕೆ: ಕಣ್ಣು ಹಳದಿಯಾದರೆ ನಾಟಿ ಔಷಧಿ, ಪಥ್ಯ ಸಾಕು.
ಸತ್ಯ: ವೈರಸ್ಸಿನ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ನಾಳಕ್ಕೆ ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆ ಹಾಗಲ್ಲ, ಆ ಕಲ್ಲನ್ನು ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ತೆಗೆಸಲೇಬೇಕು. ಕಡು ಬಣ್ಣದ ಮೂತ್ರ, ಬಿಳಿಚಿದ ಮಲ, ಮೈತುರಿಕೆ ನಾಳ ಕಟ್ಟಿದ್ದರ ಗುರುತು. ಜೊತೆಗೆ ಚಳಿಜ್ವರ ಬಂದರೆ ಅಂದೇ ಆಸ್ಪತ್ರೆ ಸೇರಬೇಕು.

ನಂಬಿಕೆ: ಪಿತ್ತಕೋಶ ತೆಗೆಸಿದರೆ ಮೈಯಲ್ಲಿ ಪಿತ್ತವೇ ಇರುವುದಿಲ್ಲ.
ಸತ್ಯ: ಕಾಯಿ ಕೂಡಿಡುವ ಅಟ್ಟ ಕಿತ್ತರೆ ತೆಂಗು ಕಾಯಿ ಬಿಡುವುದನ್ನು ನಿಲ್ಲಿಸುತ್ತದೆಯೇ? ಪಿತ್ತ ತಯಾರಿಸುವುದು ಲಿವರ್, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಪಿತ್ತಕೋಶ ಕೂಡಿಡುವುದು 30ರಿಂದ 50 ಮಿಲಿ ಮಾತ್ರ.

ನೋವು ಕೊಡದ ಕಲ್ಲಿಗೆಲ್ಲ ಆಪರೇಷನ್ ಬೇಕಿಲ್ಲ. ಮತ್ತೆ ಮತ್ತೆ ನೋವು ಬಂದರೆ ತೆಗೆಸುವುದೇ ಲೇಸು. ರಿಪೋರ್ಟ್ ಕೈಗೆ ಬಂದಾಗ ಕಲ್ಲಿನ ಗಾತ್ರದ ಜೊತೆ ಡಾಕ್ಟರ ಬಳಿ ಇದನ್ನೂ ಕೇಳಿ: ಅಡ್ಡಿಯಿಂದ ಪಿತ್ತನಾಳ ಹಿಗ್ಗಿದೆಯೇ?