ಗೋಡೆಯ ದೀಪ

ಗೋಡೆಗೆ ಜಡಿದು ಮೇಣದಬತ್ತಿ ಹಚ್ಚಿಡುವ ಸ್ಟ್ಯಾಂಡುಗಳು ಈಗ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಕೊಂಡವರು ಚಿತ್ರಪಟವನ್ನು ತೂಗುಹಾಕುವಂತೆ, ಅಂದವಾಗಿ ಕಾಣುವ ಜಾಗ ನೋಡಿ ಅವನ್ನು ಜಡಿಯುತ್ತಾರೆ. ಆದರೆ ಈ ವಸ್ತು ಹುಟ್ಟಿದ್ದು ಅಂದಕ್ಕಾಗಿ ಅಲ್ಲ. ಅದರ ಹೆಸರೇ ಇದನ್ನು ಹೇಳುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಕಾನ್ಸ್’ ಎಂದು ಹೆಸರು. ಹಳೆಯ ಫ್ರೆಂಚಿನ ಮೂಲಕ ಬಂದ ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಡಗಿಸು, ಮರೆಮಾಡು ಎಂದು ಅದರ ಅರ್ಥ. ಮರೆಯುಳ್ಳ ಕೈದೀಪಕ್ಕೆ ಸಂದಿದ್ದ ಹೆಸರು ಮುಂದೆ ಗೋಡೆಯ ದೀಪಕ್ಕೆ ನಿಂತಿತು. ನಮ್ಮಲ್ಲಿ ಗೋಡೆಯೊಳಗೆ ದೀಪವಿಡಲು ಬಿಟ್ಟ ಪೊಟರೆಗೆ ‘ಗೂಡು’ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ‘ಮಾಡ’ ಎನ್ನುತ್ತಾರೆ. ಹಕ್ಕಿ ತನ್ನ ಮರಿಯನ್ನು ಕಾಪಾಡುವುದೂ ಗೂಡಿನಲ್ಲಿಯೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನುಡಿಗಳು ಈ ವಸ್ತುವನ್ನು ಬೆಳಕಿನಿಂದ ಹೆಸರಿಸದೆ ಆಶ್ರಯದಿಂದ ಹೆಸರಿಸಿದವು. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಇದರಲ್ಲಿ ಒಂದು ವಿವೇಕ ಕಾಣುತ್ತದೆ.

ಜ್ವಾಲೆಗೆ ಆಶ್ರಯವೇಕೆ? ವಿಜ್ಞಾನಿ ಮೈಕೇಲ್ ಫ್ಯಾರಡೆ 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಮೇಣದಬತ್ತಿಯನ್ನು ಕುರಿತೇ ಉಪನ್ಯಾಸಮಾಲೆ ನೀಡಿದನು. ಉರಿಯುವ ಬತ್ತಿಯ ಸುತ್ತ ಗಾಳಿ ಮೇಲಕ್ಕೇರುತ್ತದೆ. ಆ ಗಾಳಿ ಮೇಣದ ಅಂಚನ್ನು ತಂಪಾಗಿರಿಸುವುದರಿಂದ ನಡುವೆ ಮಾತ್ರ ಕರಗಿ ಬಟ್ಟಲಿನಂಥ ಗುಳಿಯಾಗುತ್ತದೆ. ಪಕ್ಕದಿಂದ ಗಾಳಿ ಬೀಸಿದರೆ ಜ್ವಾಲೆ ಓರೆಯಾಗಿ, ಬಟ್ಟಲಿನ ಒಂದು ಅಂಚು ಕರಗಿ, ಮೇಣ ಸೋರಿಹೋಗುತ್ತದೆ. ಆದ್ದರಿಂದ ಮರೆಯಿಲ್ಲದ ದೀಪ ಆರುವುದಕ್ಕೆ ಮೊದಲೇ ತನ್ನ ಇಂಧನವನ್ನು ಕಳೆದುಕೊಳ್ಳುತ್ತದೆ.

ಆಶ್ರಯ ಕೊಡುವ ಗೋಡೆ ಬೆಳಕನ್ನೂ ಉಳಿಸಿಕೊಡುತ್ತದೆ. ಇಂಗ್ಲೆಂಡಿನಲ್ಲಿ 1831ರಲ್ಲಿ ರದ್ದಾಗುವವರೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೇಣದಬತ್ತಿಯ ಮೇಲೆ ತೆರಿಗೆಯಿತ್ತು. ಬತ್ತಿ ದುಬಾರಿಯಾದ ಮನೆಯಲ್ಲಿ ಹೊಳಪು ಕೊಟ್ಟ ಹಿತ್ತಾಳೆಯ ತಗಡಾಗಲಿ ಕನ್ನಡಿಯಾಗಲಿ ಜ್ವಾಲೆಯ ಹಿಂದೆ ನಿಂತು, ಗೋಡೆಯ ಪಾಲಾಗುವ ಬೆಳಕನ್ನು ಕೋಣೆಗೆ ಹಿಂದಿರುಗಿಸುತ್ತಿತ್ತು. ನಮ್ಮ ಊರಿನ ಮನೆಯ ಗೂಡಿನಲ್ಲಿ ಈ ಕೆಲಸ ಮಾಡುತ್ತಿದ್ದುದು ಸುಣ್ಣ. ಮಸಿ ಹಿಡಿದು ಕಪ್ಪಾದ ಒಳಮೈಗೆ ಹಬ್ಬದ ಮುನ್ನ ಸುಣ್ಣ ಬಳಿದಾಗ ಅದೇ ಹರಳೆಣ್ಣೆಯ ಹಣತೆ ಹೆಚ್ಚು ಬೆಳಗುವಂತೆ ನಮಗೆ ತೋರುತ್ತಿತ್ತು.

ಹಾಗಾದರೆ ಅವರ ದೀಪ ಗೋಡೆಯಿಂದ ಹೊರಚಾಚಿದ್ದೇಕೆ, ನಮ್ಮದು ಗೋಡೆಯೊಳಗೆ ಕುಳಿತಿದ್ದೇಕೆ? ಕಾರಣ ಇಂಧನದಲ್ಲಿದೆ ಎಂದು ನನ್ನ ಭಾವನೆ. ಮೇಣದಬತ್ತಿ ತನ್ನ ಇಂಧನವನ್ನು ಗಟ್ಟಿಯಾಗಿ ಹೊತ್ತು ನೆಟ್ಟಗೆ ನಿಲ್ಲಬಲ್ಲದು. ಲೋಹದ ತೋಳೊಂದಿದ್ದರೆ ಸಾಕು. ಹಣತೆಯ ಎಣ್ಣೆಯಾದರೋ ಚೆಲ್ಲುವಂಥದು. ಅದಕ್ಕೆ ಸಮತಟ್ಟಾದ, ಅಲುಗಾಡದ ನೆಲೆ ಬೇಕು. ದಪ್ಪನೆಯ ಮಣ್ಣಿನ ಗೋಡೆ ಆ ನೆಲೆಯನ್ನು ತನ್ನೊಡಲಲ್ಲೇ ಕೊಟ್ಟಿತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ವಿದ್ಯುದ್ದೀಪ ಬಂದಿತು. ಹಳ್ಳಿಗಳಿಗೆ ಅದು ತಲುಪಲು ಹಲವು ದಶಕಗಳು ಹಿಡಿದವು. ಅನಂತರ ಗೂಡುಗಳು ಬೆಂಕಿಪೊಟ್ಟಣ, ಬೀಗದಕೈಗಳ ಪಾಲಾದವು. ಈಗಿನ ತೆಳುಗೋಡೆಗಳಲ್ಲಿ ಅವಕ್ಕೆ ಎಡೆಯೂ ಇಲ್ಲ.

ಹೀಗೆ ಗೂಡು ಕಳೆದುಕೊಂಡ ಮನೆಗೆ ಇಂದು ಗೋಡೆದೀಪ ಬರುತ್ತಿದೆ. ಬರಲಿ, ಆದರೆ ಮರೆಯೆಂಬ ಅದರ ಅರ್ಥವೂ ಜೊತೆಗೆ ಬರಲಿ. ಕಿಟಕಿಯ ಪರದೆ, ಕ್ಯಾಲೆಂಡರು, ಪುಸ್ತಕದ ಕಪಾಟು ಇವುಗಳ ಬಳಿ ಅದನ್ನು ಜಡಿಯಬಾರದು. ಫ್ಯಾನಿನ ಗಾಳಿ ತಾಗುವಲ್ಲಿಯೂ ಕೂಡದು. ಬಿಸಿ ಮೇಲಕ್ಕೇರುವುದರಿಂದ ಜ್ವಾಲೆಯ ಮೇಲೆ ಒಂದು ಗಜದಷ್ಟಾದರೂ ತೆರಪಿರಬೇಕು. ಹಿಂಬದಿಗೆ ಲೋಹದ ತಗಡು, ಕೆಳಗೆ ಮೇಣ ಹಿಡಿಯುವ ತಟ್ಟೆ ಇರಬೇಕು. ಬತ್ತಿಯ ಕುಡಿಯನ್ನು ಕಾಲಂಗುಲಕ್ಕೆ ಕತ್ತರಿಸಿ ಹಚ್ಚಿದರೆ ಹೊಗೆ ಕಡಿಮೆ. ಸ್ಟೂಲು ಹತ್ತದೆ ಕೈಗೆಟುಕುವ ಎತ್ತರದಲ್ಲಿರಲಿ, ಮಕ್ಕಳ ಕೈಗೆ ಎಟುಕದಿರಲಿ. ಕೋಣೆಯಲ್ಲಿ ಜನರಿಲ್ಲದಾಗ ದೀಪ ಉರಿಯಕೂಡದು.

ದೀಪವನ್ನು ಗಾಳಿಯಿಂದ ಕಾಯುವುದು ಗೂಡಿನ ಒಂದು ಕೆಲಸ. ಮನೆಯನ್ನು ದೀಪದಿಂದ ಕಾಯುವುದು ಇನ್ನೊಂದು. ಹಿರಿಯರು ಎರಡನ್ನೂ ಒಂದೇ ಪೊಟರೆಯಲ್ಲಿ ಸಾಧಿಸಿದ್ದರು. ಗೋಡೆಗೆ ಮೊಳೆ ಹೊಡೆಯುವ ಮುನ್ನ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇಲ್ಲಿ ಈ ಎರಡೂ ನಡೆಯುತ್ತವೆಯೇ?