ತಿರುಗುವ ಎಂಜಿನು, ಹೊರಡದ ಕಾರು

ಹಳೆಯ ಕಾರು ಹಠ ಹಿಡಿಯುವುದರಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದಿನ ಹೊರತು ಬೇರೆ ಉಸಿರಿಲ್ಲ. ಅದು ಸಾಮಾನ್ಯವಾಗಿ ಬ್ಯಾಟರಿಯ ಬಡತನ. ಮನೆಯ ಹುಡುಗರೂ ಹೇಳಿಬಿಡುತ್ತಾರೆ. ಇನ್ನೊಂದರಲ್ಲಿ ಸೆಲ್ಫು ಲವಲವಿಕೆಯಿಂದ ಹೊಡೆಯುತ್ತದೆ, ಎಂಜಿನು ಗರಗರನೆ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುವುದು ಇದೇ. ಮುಹೂರ್ತಕ್ಕೆ ಹೊತ್ತಾಯಿತೆಂದು ಹಿಂದಿನ ಸೀಟಿನಲ್ಲಿ ಗೊಣಗಾಟ ಎದ್ದಿರುತ್ತದೆ. ಯಜಮಾನರು "ಇನ್ನೊಂದೇ ಸಲ" ಎನ್ನುತ್ತ ಕೀಲಿ ತಿರುಗಿಸುತ್ತಲೇ ಇರುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬ್ಯಾಟರಿಯೂ ಸೋತು, ಒಂದಿದ್ದ ಕಾಯಿಲೆ ಎರಡಾಗುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಮುಂಬಯಿಯ ಫಿಯೆಟ್, ಅಂದರೆ ಆಮೇಲಿನ ಪದ್ಮಿನಿ, ಅದಕ್ಕೂ ಮೊದಲೇ ನಿಂತಿತು. ಉಳಿದಿರುವ ಗಾಡಿಗಳು ಯಾರ ಯಾರದೋ ಷೆಡ್ಡಿನಲ್ಲಿ ಧೂಳು ಹೊದ್ದು ನಿಂತಿವೆ. ಇಂದಿನ ಕಾರಾದರೆ ಯಂತ್ರವೊಂದನ್ನು ಸಿಕ್ಕಿಸಿ ಕಾಯಿಲೆಯ ಸುಳಿವು ಪಡೆಯಬಹುದು. ಇವುಗಳಿಗೆ ಅಂಥ ನಾಡಿಯಿಲ್ಲ. ಕಣ್ಣು, ಕಿವಿ, ಮೂಗುಗಳಿಂದಲೇ ಪರೀಕ್ಷೆ. ಅದನ್ನು ಬಲ್ಲ ಮಿಸ್ತ್ರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ, ಒಡೆಯನೇ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು.

ಎಂಜಿನು ತಿರುಗುತ್ತಿದೆ ಎಂಬುದೇ ಒಂದು ಸಾಕ್ಷ್ಯ. ಬ್ಯಾಟರಿಯಲ್ಲಿ ಜೀವವಿದೆ, ಸೆಲ್ಫು ಸರಿಯಿದೆ, ಎಂಜಿನು ಒಳಗೆ ಬಿಗಿದುಕೊಂಡಿಲ್ಲ ಎಂದು ಅದು ಹೇಳುತ್ತದೆ. ಇನ್ನು ಬೇಕಾದುದು ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ಸರಿಯಾದ ಗಳಿಗೆಯಲ್ಲಿ ಕಿಡಿ. ಇವುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಕಿಡಿ. ಅದರ ದುಡಿಮೆಯನ್ನಾದರೂ ನೋಡಿರಿ: ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಿಮಿಷಕ್ಕೆ 6,000 ಕಿಡಿಗಳು, ಅಂದರೆ ಸೆಕೆಂಡಿಗೆ ನೂರು, ಹಾರಬೇಕು. ಬ್ಯಾಟರಿ ಕೊಡುವುದು ಬರಿಯ 12 ವೋಲ್ಟು. ಅದನ್ನು ಸಾವಿರಾರು ವೋಲ್ಟಿಗೆ ಏರಿಸುವುದು ಕಾಯಿಲ್. ಏರಬೇಕಾದರೆ ಕಾಯಿಲ್‌ನಲ್ಲಿ ಹರಿಯುವ ಕರೆಂಟು ತಟ್ಟನೆ ಕಡಿಯಬೇಕು. ಆ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳದು.

ಪರೀಕ್ಷೆಗೆ ಮೊದಲು ಒಂದು ಮಾತು. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಅದು ನೂರಕ್ಕೂ ಮಿಕ್ಕ ಆಂಪಿಯರು ಕುಡಿಯುವ ಬಕಾಸುರ. ಬ್ಯಾಟರಿ ಅರೆಜೀವವಾಗಿದ್ದರೆ ಇದ್ದ ಶಕ್ತಿಯನ್ನೆಲ್ಲ ಸೆಲ್ಫೇ ನುಂಗಿ, ಕಾಯಿಲ್‌ನ ಪಾಲಿಗೆ ಸಾಕಷ್ಟು ಉಳಿಯದು. ಎಂಜಿನು ತಿರುಗಿಯೂ ಹಿಡಿಯದಿರಲು ಇದೂ ಒಂದು ಕಾರಣ. ಹಿಂದಿನವರು ಮುಂಬದಿಯಿಂದ ಹ್ಯಾಂಡಲ್ ಹಾಕಿ ತಿರುಗಿಸಿದೊಡನೆ ಇಂಥ ಗಾಡಿ ಹೊರಡುತ್ತಿದ್ದುದರ ಗುಟ್ಟು ಅದೇ. ಬ್ಯಾಟರಿಯ ಶಕ್ತಿಯೆಲ್ಲ ಕಿಡಿಗೇ ಮೀಸಲಾಗುತ್ತಿತ್ತು. (ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುತ್ತಿದ್ದುದೂ ಉಂಟು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸೆಲ್ಫು ಬಂದಾಗ ಜನ ಅದನ್ನು ಮೆಚ್ಚಿದ್ದು ಸುಮ್ಮನೆಯಲ್ಲ.)

ಕಿಡಿಯನ್ನು ನೋಡುವ ಕ್ರಮ ಹೀಗೆ. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನಿನ ಬರಿಯ ಲೋಹಕ್ಕೆ ತಗಲುವಂತೆ, ಬಿಚ್ಚಿದ ರಂಧ್ರದಿಂದ ದೂರದಲ್ಲಿ, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿಯಿರಿ. ಸುತ್ತ ಪೆಟ್ರೋಲು ಚೆಲ್ಲಿರಕೂಡದು. ಇನ್ನೊಬ್ಬರು ಸೆಲ್ಫು ಹೊಡೆಯಲಿ. ಚಟಚಟನೆ ನೀಲಿ ಕಿಡಿ ಹಾರಿದರೆ ಕ್ಷೇಮ. ಹಳದಿಯಾಗಿ ನಿತ್ರಾಣವಾಗಿದ್ದರೆ, ಅಥವಾ ಇಲ್ಲವೇ ಇಲ್ಲವಾದರೆ, ಕಾಯಿಲ್‌ನಿಂದ ಬರುವ ನಡುವಿನ ತಂತಿಯನ್ನು ಇದೇ ರೀತಿ ನೋಡಬೇಕು. ಅಲ್ಲಿ ಕಿಡಿಯಿದ್ದು ಪ್ಲಗ್ಗಿನಲ್ಲಿಲ್ಲವೆಂದರೆ ದೋಷ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲೋ ರೋಟರಿನಲ್ಲೋ ಪ್ಲಗ್ಗಿನ ತಂತಿಗಳಲ್ಲೋ ಇದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮುಚ್ಚಳದೊಳಗೆ ಕೂಡುವ ತೇವವೇ ಇದಕ್ಕೆ ಸಾಕು. ಒಣಬಟ್ಟೆಯಿಂದ ಒರಸಿದರೆ ಗಾಡಿ ಹೊರಟೀತು. ಕೂದಲೆಳೆಯಷ್ಟು ಬಿರುಕಿದ್ದರೆ ಮಾತ್ರ ಒರಸಿ ಪ್ರಯೋಜನವಿಲ್ಲ, ಮುಚ್ಚಳವನ್ನೇ ಬದಲಿಸಬೇಕು.

ನಡುವಿನ ತಂತಿಯಲ್ಲೂ ಕಿಡಿಯಿಲ್ಲವೆ? ಪಾಯಿಂಟುಗಳನ್ನು ನೋಡಿರಿ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅವುಗಳ ಮುಖಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ, ಕರೆಂಟು ದಾಟದು. ಸಣ್ಣ ಅರದಿಂದ ಹಗುರವಾಗಿ ತೀಡಿ, ಶುಭ್ರವಾದ ಕಾಗದದ ಚೂರನ್ನು ನಡುವೆ ಎಳೆದು ತೆಗೆದರೆ ಸಾಕು. ಇಂಥ ಗಾಡಿಗಳಲ್ಲಿ ಪಾಯಿಂಟುಗಳ ಅಂತರ ಸುಮಾರು 0.4 ಮಿಲಿಮೀಟರು. ಕೀಲಿ ಹಾಕಿ, ಮುಚ್ಚಿರುವ ಪಾಯಿಂಟುಗಳನ್ನು ಮರದ ಕಡ್ಡಿಯಿಂದ ಬಿಡಿಸಿದಾಗ ಮಿಣುಕು ಕಾಣಬೇಕು. ಏನೂ ಕಾಣದಿದ್ದರೆ ಕರೆಂಟೇ ಅಲ್ಲಿಗೆ ಹರಿಯುತ್ತಿಲ್ಲ. ದಪ್ಪನೆಯ ನೀಲಿ ಕಿಡಿ ಕಂಡರೆ ಕಂಡೆನ್ಸರ್ ಸತ್ತಿರಬಹುದು.

ಪರಿಚಿತರೊಬ್ಬರ ಮನೆಯ ಅಂಬಾಸಿಡರ್ ಹೀಗೆಯೇ ಐದು ತಿಂಗಳು ಮುಷ್ಕರ ಹೂಡಿತ್ತು. ಅವರ ತಂದೆ ಕೊಂಡ ಕಾರು. ಇಬ್ಬರು ಅಕ್ಕಂದಿರು ಹೂವಿನ ಮಾಲೆ ಸುತ್ತಿದ ಅದೇ ಕಾರಿನಲ್ಲಿ ಗಂಡನ ಮನೆಗೆ ಹೋಗಿದ್ದರು. ಹೊಸ ಬ್ಯಾಟರಿ ಬಂತು, ಹೊಸ ಪ್ಲಗ್ಗುಗಳು ಬಂದವು, ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಾಯಿತು. ಮೂವರು ಮೂರು ಕಾಯಿಲೆಯ ಹೆಸರು ಹೇಳಿದರು. ಕಡೆಗೆ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿ ಹೋದ. ಆ ವಾರವೇ ಕೆಲಸದಿಂದ ನಿವೃತ್ತರಾಗಿದ್ದ ಮುದಿ ಮಿಸ್ತ್ರಿಯೊಬ್ಬರು, ಗಾಡಿ ನೋಡಲೆಂದಲ್ಲ, ಕಾಫಿಗೆಂದು ಬಂದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿಗೆ ಹೋಗುವ ಎರಡಂಗುಲದ ತಂತಿಯನ್ನು ಬೆರಳಿನಿಂದ ಮೆಲ್ಲನೆ ಎಳೆದರು. ಹೊದಿಕೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರ ಎಂದೋ ಕಡಿದುಹೋಗಿತ್ತು. ಎಂಜಿನಿನ ಮೇಲಿನ ಹೊರೆಗೆ ತಕ್ಕಂತೆ ಪಾಯಿಂಟಿನ ತಟ್ಟೆ ಅತ್ತಿತ್ತ ಸರಿಯುವಾಗಲೆಲ್ಲ ಬಾಗಿ ಬಾಗಿ ಸವೆದ ತಂತಿ ಅದು. ಹೊರಗಿನಿಂದ ಏನೂ ತೋರುತ್ತಿರಲಿಲ್ಲ. ಹೊಸ ತುಂಡು ಬೆಸೆದು ಕೀಲಿ ತಿರುಗಿಸಿದರೆ ಮೊದಲ ಹೊಡೆತಕ್ಕೇ ಎಂಜಿನು ಹಿಡಿಯಿತು. ಹಿಂದಿನ ಮೂವರೂ ಮೋಸಗಾರರೇನಲ್ಲ. ನೋಡುವ ಮೊದಲೇ ಬದಲಿಸಿದರು, ಅಷ್ಟೆ.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಸರದಿ. ಮುಳ್ಳನ್ನು ನಂಬಬೇಡಿ, ಹಳೆಯ ಕಾರಿನ ಪೆಟ್ರೋಲು ಮುಳ್ಳು ಹೇಳುವ ಸುಳ್ಳು ಒಂದೆರಡಲ್ಲ. ನಾಲ್ಕಾರು ಸಲ ಸೆಲ್ಫು ಹೊಡೆದ ಮೇಲೆ ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ: ಪಂಪಿನ ತೆಳುಪೊರೆ ಹರಿದಿದೆ, ಜಾಲರಿ ಕಟ್ಟಿದೆ, ಇಲ್ಲವೆ ಕೊಳವೆ ಗಾಳಿ ಎಳೆಯುತ್ತಿದೆ. ಒದ್ದೆಯಾಗಿ ಘಾಟು ಬರುತ್ತಿದ್ದರೆ ಪೆಟ್ರೋಲು ಉಕ್ಕಿದೆ. ಆಗ ಚೋಕನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಾಗೆಯೇ ಇಟ್ಟುಕೊಂಡು ಸೆಲ್ಫು ಹೊಡೆಯಬೇಕು. ಗಾಬರಿಯಿಂದ ಪದೇ ಪದೇ ತುಳಿಯುವುದು ಉಕ್ಕಿದ ಹಾಲಿನ ಕೆಳಗೆ ಸೌದೆ ಒಡ್ಡಿದಂತೆ. ಬಿಸಿಲಿನಲ್ಲಿ ಓಡಿ ನಿಂತ ಕಾರಾದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿರಬಹುದು; ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ಕಾಲು ಗಂಟೆ ಕಾಯುವುದೇ ಮದ್ದು.

ಈಗಿನ ಕಾಲದ ತೊಡಕು ಇನ್ನೊಂದುಂಟು. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಬೆರೆಸುವುದು ಸಾಮಾನ್ಯವಾಯಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಬಹಳ ದಿನ ನಿಂತ ಟ್ಯಾಂಕಿನಲ್ಲಿ ನೀರಿನೊಡನೆ ಬೇರೆಯಾಗಿ ತಳ ಸೇರಬಹುದು. ಆ ಕಾಲದ ರಬ್ಬರು ಕೊಳವೆಗಳಿಗೂ ಅದು ಒಗ್ಗುವುದಿಲ್ಲ. ಕೊಳವೆಗಳನ್ನು ಎಥನಾಲು ತಾಳುವಂಥವಕ್ಕೆ ಬದಲಿಸುವುದನ್ನು ಮುಂದೂಡಬಾರದು. ಬಿಸಿ ಎಂಜಿನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಕಾರನ್ನು ನಿಲ್ಲಿಸುವುದಷ್ಟೇ ಅಲ್ಲ, ಸುಡಬಲ್ಲುದು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಕಾರ್ಬೊರೇಟರು ಸೀನುತ್ತದೆ, ಸೈಲೆನ್ಸರು ಢಮ್ಮೆನ್ನುತ್ತದೆ ಎಂದರೆ ಯಾರೋ ಪ್ಲಗ್ಗಿನ ತಂತಿಗಳನ್ನು ಅದಲುಬದಲು ಮಾಡಿರಬಹುದು. ಅಂಬಾಸಿಡರಿನ ಪೆಟ್ರೋಲು ಎಂಜಿನಿನಲ್ಲೂ ಫಿಯೆಟ್ಟಿನಲ್ಲೂ ಕಿಡಿಯ ಸರದಿ 1, 3, 4, 2.

ಎಂಜಿನು ಎಂದಿಗಿಂತ ಹಗುರವಾಗಿ, ಏರಿಳಿತವಿಲ್ಲದ ಒಂದೇ ಸ್ವರದಲ್ಲಿ ತಿರುಗುತ್ತಿದ್ದರೆ ಮಾತ್ರ ಎಚ್ಚರ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಂದು ಕ್ಷಣ ಸೆಲ್ಫು ಹೊಡೆಸಿ ರೋಟರನ್ನು ನೋಡಿರಿ. ಅದು ಅಲುಗದೆ ನಿಂತಿದ್ದರೆ ಒಳಗಿನ ಟೈಮಿಂಗ್ ಚೈನು ಕಡಿದಿರಬಹುದು. ಹಾಗಿದ್ದರೆ ಮತ್ತೆ ಸೆಲ್ಫು ಮುಟ್ಟಬೇಡಿ, ತಳ್ಳಿಸಿಯೂ ನೋಡಬೇಡಿ. ಮದುವೆಗೆ ಟ್ಯಾಕ್ಸಿ ಕರೆಸಿ, ಗಾಡಿಯನ್ನು ಗೇರು ಬಿಡಿಸಿ ಎಳೆಸಿಕೊಂಡು ಕಾರ್ಖಾನೆಗೆ ಒಯ್ಯುವ ಏರ್ಪಾಡು ಮಾಡಿರಿ.