ಮುಟ್ಟಿ ಹಿಡಿಯುವ ಕೊಕ್ಕು

ರಜೆಯಲ್ಲಿ ಅಮೆರಿಕದ ಫ್ಲೋರಿಡಾ ಸುತ್ತುವವರು ಹಕ್ಕಿ ನೋಡಲೆಂದು ಸ್ಯಾನಿಬೆಲ್ ದ್ವೀಪಕ್ಕೆ ಹೋಗುವುದಾದರೆ, ಸೂರ್ಯೋದಯ ಎಷ್ಟು ಹೊತ್ತಿಗೆ ಎನ್ನುವುದಕ್ಕಿಂತ ಮೊದಲು ಸಮುದ್ರದ ಇಳಿತ ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳಬೇಕು. ಅಲ್ಲಿನ 'ಡಿಂಗ್' ಡಾರ್ಲಿಂಗ್ ವನ್ಯಜೀವಿಧಾಮದಲ್ಲಿ ಹಕ್ಕಿಗಳ ಊಟದ ಹೊತ್ತನ್ನು ಗೊತ್ತುಮಾಡುವುದು ಸಮುದ್ರ. ಉಬ್ಬರವಿದ್ದಾಗ ಕಾಂಡ್ಲಾ ಗಿಡಗಳ ಮೇಲೆ ತೂಕಡಿಸುವ ಹಕ್ಕಿಗಳು ನೀರು ಇಳಿದು ಕೆಸರು ತೆರೆದುಕೊಳ್ಳುತ್ತಲೇ ಕೆಳಗಿಳಿಯುತ್ತವೆ. ನಾಲ್ಕು ಮೈಲಿಯ ರಸ್ತೆಯುದ್ದಕ್ಕೂ ಕಾರಿನಲ್ಲಿ ಕೂತೇ ನೋಡಬಹುದು. ಶುಕ್ರವಾರ ಮಾತ್ರ ಆ ರಸ್ತೆಗೆ ರಜೆ.

ಹೋದವರೆಲ್ಲ ಹುಡುಕುವುದು ಗುಲಾಬಿ ಚಮಚಕೊಕ್ಕನ್ನು. ಜಗತ್ತಿನ ಆರು ಜಾತಿಯ ಚಮಚಕೊಕ್ಕುಗಳಲ್ಲಿ ಈ ಬಣ್ಣದ್ದು ಇದೊಂದೇ. ನಮ್ಮ ರಂಗನತಿಟ್ಟಿನಲ್ಲಿ ಗೂಡು ಕಟ್ಟುವುದು ಇದರ ಬಿಳಿಯ ದಾಯಾದಿ. ಸಿಗಡಿಯಂಥ ಜೀವಿಗಳನ್ನು ತಿಂದಾಗ ಮೈ ಸೇರುವ ಕ್ಯಾರೊಟಿನಾಯ್ಡ್‌ಗಳಿಂದ ಗರಿಗೆ ಗುಲಾಬಿ ಏರುತ್ತದೆ. ಮರಿಗಳಲ್ಲಿ ಅದು ಇನ್ನೂ ತೆಳು.

ಬಣ್ಣಕ್ಕೆ ಮನಸೋತವರು ಕೊಕ್ಕನ್ನು ಮರೆಯಬಾರದು. ಪಕ್ಕದಲ್ಲೇ ನಿಂತ ಬೆಳ್ಳಕ್ಕಿ ಮೀನನ್ನು ಕಣ್ಣಿಟ್ಟು ನೋಡಿ, ಗುರಿ ಹಿಡಿದು ಕುಕ್ಕುತ್ತದೆ. ಚಮಚಕೊಕ್ಕಿಗೆ ಗುರಿಯ ಗೊಡವೆಯಿಲ್ಲ. ಅರೆ ತೆರೆದ ಕೊಕ್ಕನ್ನು ನೀರಿಗಿಳಿಸಿ, ಕುಡುಗೋಲು ಬೀಸಿದಂತೆ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತದೆ. ಚಪ್ಪಟೆ ತುದಿಯ ಒಳಮೈಯಲ್ಲಿ ಸ್ಪರ್ಶ ತಿಳಿಯುವ ನರತುದಿಗಳಿವೆ. ಏನೋ ತಾಗಿತೋ, ಕೊಕ್ಕು ಟಪ್ಪನೆ ಮುಚ್ಚಿಕೊಳ್ಳುತ್ತದೆ. ನೀರು ಕದಡಿದ್ದರೂ, ಬೆಳಕು ಸಾಲದಿದ್ದರೂ ಊಟ ತಪ್ಪದು. ಹೀಗೆಯೇ ಮುಟ್ಟಿ ಹಿಡಿಯುವ ಅಮೆರಿಕದ ವುಡ್ ಸ್ಟಾರ್ಕ್ ಕೊಕ್ಕರೆಗೆ ಕೊಕ್ಕು ಮುಚ್ಚಲು ಸೆಕೆಂಡಿನ 40ನೇ ಒಂದು ಭಾಗ ಸಾಕು. ನಾವು ರೆಪ್ಪೆ ಬಡಿಯುವುದಕ್ಕೇ ಅದರ ನಾಲ್ಕು ಪಟ್ಟು ಹೊತ್ತು ಬೇಕು.

ಬೀಸುವುದರ ಹಿಂದೆ ಇನ್ನೊಂದು ಉಪಾಯವೂ ಇದೆ. ಕೊಕ್ಕಿನ ಅಡ್ಡಸೀಳು ವಿಮಾನದ ರೆಕ್ಕೆಯ ಆಕಾರದ್ದು. ಅದು ನೀರಿನಲ್ಲಿ ಸಾಗುವಾಗ ಏಳುವ ಸುಳಿಗಳು ತಳದ ಪುಟ್ಟ ಜೀವಿಗಳನ್ನು ಮೇಲಕ್ಕೆಳೆಯುತ್ತವೆ ಎಂದು 1994ರ ಅಧ್ಯಯನವೊಂದು ತೋರಿಸಿದೆ. ಮೂಗಿನ ಹೊಳ್ಳೆಗಳು ಕೊಕ್ಕಿನ ಬುಡದಲ್ಲಿರುವುದರಿಂದ ತುದಿ ಮುಳುಗಿದ್ದರೂ ಉಸಿರಾಟಕ್ಕೆ ಅಡ್ಡಿಯಿಲ್ಲ. ಮರಿ ಮೊಟ್ಟೆಯೊಡೆದು ಬಂದಾಗ ಕೊಕ್ಕು ನೇರವಾಗಿಯೇ ಇರುತ್ತದೆ. ತುದಿ ಚಪ್ಪಟೆಯಾಗುವುದು ಬೆಳೆಯುತ್ತ ಬೆಳೆಯುತ್ತ.

ಒಂದು ಕಾಲದಲ್ಲಿ ಈ ಹಕ್ಕಿಯ ರೆಕ್ಕೆ ಬೀಸಣಿಗೆಯಾಗಿ ಮಾರಾಟವಾಗುತ್ತಿತ್ತು. ಗರಿಯ ವ್ಯಾಪಾರದಿಂದ ಇಪ್ಪತ್ತನೇ ಶತಮಾನದ ಆರಂಭಕ್ಕೆ ಫ್ಲೋರಿಡಾದಲ್ಲಿ ಇವು ಬೆರಳೆಣಿಕೆಗೆ ಇಳಿದಿದ್ದವು. ಕಾನೂನು ಬಂದಮೇಲೆ ಚೇತರಿಸಿಕೊಂಡವು. ಸ್ಯಾನಿಬೆಲ್ಲಿನ ಧಾಮ 1945ರಲ್ಲಿ ಹುಟ್ಟಿತು. ಅದಕ್ಕೆ ಶ್ರಮಿಸಿದ ವ್ಯಂಗ್ಯಚಿತ್ರಕಾರ ಜೇ ನಾರ್ವುಡ್ 'ಡಿಂಗ್' ಡಾರ್ಲಿಂಗ್ ಎರಡು ಸಲ ಪುಲಿಟ್ಜರ್ ಪಡೆದವರು. 1934ರಲ್ಲಿ ಅಮೆರಿಕದ ಮೊದಲ 'ಡಕ್ ಸ್ಟಾಂಪ್' ಬರೆದವರೂ ಅವರೇ. ಬಾತುಕೋಳಿ ಬೇಟೆಗಾರರು ಕೊಳ್ಳಬೇಕಾದ ಆ ಚೀಟಿಯ ಹಣ ಜೌಗುನೆಲಗಳನ್ನು ಕಾಯಲು ಹೋಗುತ್ತದೆ.

ಈಗಿನ ಆತಂಕ ಬೇಟೆಯದಲ್ಲ, ನೀರಿನ ಮಟ್ಟದ್ದು. ಮುಟ್ಟಿ ಹಿಡಿಯುವ ಕೊಕ್ಕಿಗೆ ನೀರು ತೆಳುವಾಗಿದ್ದು ಮೀನು ಒತ್ತಾಗಿ ಕೂಡಿರಬೇಕು. ಮರಿಗಳಿಗೆ ಉಣಿಸುವ ಕಾಲದಲ್ಲಿ ನೀರು ಏರಿದರೆ ಮೀನು ಚದುರಿ, ಗೂಡಿನಲ್ಲಿ ಮರಿಗಳು ಹಸಿಯುತ್ತವೆ. ಅದಕ್ಕೇ ದಕ್ಷಿಣ ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಕಾಲುವೆಯ ನೀರನ್ನು ಯಾವಾಗ, ಎಷ್ಟು ಬಿಡಬೇಕೆಂದು ಲೆಕ್ಕ ಹಾಕುವಾಗ ವಿಜ್ಞಾನಿಗಳು ಚಮಚಕೊಕ್ಕಿನ ಗೂಡುಗಳನ್ನೂ ಎಣಿಸುತ್ತಾರೆ.